ಫಿಟರ್ ನಬಿಲಾಲ ಬೀಸುಕಲ್ಲು ಸರಿ ಮಾಡಿದ್ದು

ನನ್ನ ಗಂಡನ ಹೆಸರ ನಾ ಬಾಯಿಲೆ ಹೇಳೂದಿಲ್ಲ. ಹೆಂಡತ್ಯಾದಾಕಿ ಹೇಳಬಾರದಂತ ನಮ್ಮತ್ತಿ ರಹಿಮಾಬಿ ಮದುವ್ಯಾದ ಮರುದಿನಾನ ಕಿವಿ ಹಿಂಡಿ ಹೇಳಿದ್ರು. ಆದ್ರ ನಮ್ಮ ಇಂಡಿ ಊರಾಗ ಮಂದಿ ಅವರನ್ನ ಫಿಟರ್ ನಬಿಲಾಲ ಅಂತ ಕರೀತಿದ್ರು. ಇದು ಮಂದಿ ಹೇಳಿದ್ದು, ನಾ ಹೇಳಿದ್ದಲ್ಲ, ತಿಳೀತಿಲ್ಲ? ನನ್ನ ಹೆಸರು ಗೌಸಬಿ. ಅರವತ್ತೊಂದನೇ ಇಸ್ವಿ ಬ್ಯಾಸಗ್ಯಾಗ ನಮ್ಮ ಮನ್ಯಾಗ ನಡದದ್ದನ್ನ ಹೇಳತೇನಿ. ಕೇಳಿ ನಗ್ರಿ, ಬ್ಯಾಡನ್ನೂದಿಲ್ಲ. ಈಗ ನಾನೂ ನಗತೇನಿ. ಆವಾಗ ಮಾತ್ರ ನನ್ನ ತಲಿ ಕೆಟ್ಟು ಹೋಗಿತ್ತು.

ಊರ ಹೊರಗ ಒಂದ ಜೀನ ಇತ್ತು, ಹತ್ತಿಯೊಳಗಿನ ಕಾಳ ಬಿಡಸೋ ಕಾರಖಾನಿ. ಅಲ್ಲಿ ಮಿಷಿನ್ನಿಗೆ ಎಣ್ಣಿ ಬಿಡಾಕ ಸೇರಿದ ನಮ್ಮವರು ಹೋಗತ ಹೋಗತ ಫಿಟರ್ ಆಗಿದ್ರು. ಮಿಷಿನ್ ಕೆಟ್ರ ಸ್ಕ್ರೂ ತಿರವೋ ಪೇಚಕಸಿನ ಒಂದ ತುದಿ ಅದಕ್ಕ ಹಚ್ಚಿ, ಇನ್ನೊಂದ ತುದಿ ತಮ್ಮ ಕಿವಿಗೆ ಹಚ್ಕೊಂಡು, ಕಣ್ಣ ಮುಚ್ಚಿ ಕೇಳವರು. ಕೇಳಿ, ಇಂಥಾ ಕಡೆ ಬೇರಿಂಗ ಸವದೈತಿ ಅಂತ ಹೇಳಿಬಿಡವರು. ಬಿಚ್ಚಿ ನೋಡಿದ್ರ ಅದ ಆಗಿರತಿತ್ತು. ಏನ ಕಂಡ್ರೂ ಇದು ಹೆಂಗ ನಡೀತೈತಿ, ಯಾಕ ನಡೀತೈತಿ ಅನ್ನೂದ ಒಂದ ಹುಚ್ಚು. ನಮ್ಮ ನಿಕಾದಾಗ ಕಾಜಿ ಅವರ ಕಿಸೆದಾಗಿನ ಗಡಿಯಾರದ ಸಪ್ಪಳ ಕೇಳಕೋತ ಕುಂತಿದ್ರಂತ. ಕಬೂಲ ಅನಸಾಕ ಮಗ್ಗಲದಾಗ ಕುಂತವರು ತಿವೀಬೇಕಾತಂತ. ಇಂಥಾವರ ಕೂಡ ನಾ ಸಂಸಾರ ಮಾಡೇನಿ.

ಆ ವರ್ಷ ರಮಜಾನ ಹಬ್ಬ ಆದ ಮ್ಯಾಲ ಮಾಲಕರು ಜೀನ ಮುಚ್ಚಿದ್ರು. ಮಿಷಿನ್ನೆಲ್ಲಾ ಬಿಚ್ಚಿ ವಿಜಾಪುರಕ್ಕ ಒಯ್ದರು. ಹೋಗುಮುಂದ ಫಿಟರ್‌ನ ನೆನಪಿಗಿರಲಿ ಅಂತ ಒಂದ ಕಬ್ಬಣದ ಪೆಟ್ಟಿಗಿ ತುಂಬ ಹತಾರ ಕೊಟ್ರು. ನಾಕ ಮಂದಿ ಹೊತ್ತು ತಂದು ಪಡಸಾಲ್ಯಾಗ ಇಳಿಸಿದ್ರ ನೆಲಾ ನಡಗಿತು. ಅದರಾಗ ನಟ್ಟ ತಿರವೋ ಪಾನಾ, ಕಬ್ಬಣ ತಿಕ್ಕೂ ಕಾನಸು, ಸುತಗಿ, ತೂತ ಕೊರಿಯೂ ಬೈರಗಿ, ಕಬ್ಬಣ ಕೊಯ್ಯೂ ಗರಗಸ, ಮತ್ತ ಏನ ಇಟ್ರೂ ಹಲ್ಲ ಕಚ್ಚಿ ಹಿಡಕೊಳ್ಳೋ ಒಂದ ಕಬ್ಬಣದ ದವಡಿ. ಅದಕ್ಕ ವೈಸು ಅಂತಾರಂತ. ಅವತ್ತ ಸಂಜಿಮುಂದ ಚಾ ಕುಡಕೋತ ಅವರು ಮಾತ ಹೇಳಿಬಿಟ್ರು. ಜೂನ ತಿಂಗಳ ಮಿರಗದ ಮಳಿ ಬರೂತನಕ ನೋಡೂದು, ಅಷ್ಟರಾಗ ಈ ಹತಾರದ ಮ್ಯಾಲ ಊರಾಗ ಹೊಟ್ಟಿ ಹೊರಿಯೂ ದಾರಿ ಕಾಣಲಿಲ್ಲಂದ್ರ ಸೊಲ್ಲಾಪುರದ ಮಿಲ್ಲಿಗೆ ಹೋಗೂದು.

ಸೊಲ್ಲಾಪುರ ಅಂದಕೂಡಲೇ ಅತ್ತಿ ಎದ್ದು ಒಳಗ ಹೋದ್ರು. ಯಾಕಂದ್ರ ಅವರ ಹಿರೇ ಮಗ, ನಮ್ಮ ಭಾವ ಅಮೀನುದ್ದೀನ, ಹಿಂಗ ನಾಕ ತಿಂಗಳಿಗಂತ ಆ ಊರಿಗೆ ಹೋಗಿ ಹನ್ನೊಂದ ವರ್ಷಾಗಿತ್ತು. ಅಲ್ಲೇ ಮನಿ ಮಾಡಿದ, ಅಲ್ಲೇ ಮಕ್ಕಳಾದವು. ಮೊದಮೊದಲ ವರ್ಷಕ್ಕ ಎರಡ ಪತ್ರ ಬರತಿದ್ವು, ಆಮ್ಯಾಲ ಅವೂ ನಿಂತವು. ನಮ್ಮವರೂ ಹಂಗ ಆಗತಾರಂತ ನನಗ ಎದಿ ಒಡದಂಗ ಆಗಿತ್ತು. ಆದ್ರ ಹೊಂಟ ಗಂಡಸಿಗೆ ಹೋಗಬ್ಯಾಡ ಅನಬಾರದು, ದಾರಿಗೆ ಅಡ್ಡ ಬಂದಂಗಾಗತೈತಿ ಅಂತ ನಮ್ಮಲ್ಲಿ ಒಂದ ರೂಢಿ. ಅತ್ತಿನೂ ಅಂದಿರಲಿಲ್ಲ, ನಾನೂ ಅನಲಿಲ್ಲ. ಮಿರಗಕ್ಕ ಎಷ್ಟ ದಿನ ಉಳದಾವಂತ ಮನಸಿನಾಗ ಲೆಕ್ಕಾ ಹಾಕಕೋತ ಅಡಗಿ ಮಾಡತಿದ್ದೆ.

ಮರುದಿನ ಮುಂಜಾನೆ ಅವರು ಕೈಯಾಗ ಒಂದ ಪಾನಾ ಹಿಡಕೊಂಡು ಮನಿ ತುಂಬ ತಿರಗಾಕತ್ತಿದ್ರು. ಏನ ಹುಡಕಾಕತ್ತೀರಿ ಅಂತ ಕೇಳಿದೆ. ನಟ್ಟು ಅಂದ್ರು. ಹದಿನಾರ ಪಾನಾ ಅದಾವ, ಮನ್ಯಾಗ ಒಂದರ ನಟ್ಟ ಇರಬೇಕಲ್ಲಾ ಅಂತ ಅವರ ವಿಚಾರ. ನಮ್ಮ ಮನಿ ನೋಡ್ರಿ, ಕಲ್ಲಿನ ಗ್ವಾಡಿ, ಮಣ್ಣಿನ ಮಾಳಗಿ, ಕಟಗಿ ಕಂಬ, ಹಗ್ಗದ ಹೊರಸು. ನಟ್ಟ ಎಲ್ಲಿಂದ ತರಲಿ ನಾ? ಅಟ್ಟಾ ಹತ್ತಿ ನೋಡಿದ್ರು, ದನದ ಕೊಟಗ್ಯಾಗ ನೋಡಿದ್ರು. ಕಡೀಕ ಮಗ್ಗಲಮನಿ ಸಿದ್ದಲಿಂಗವ್ವನ ಗಂಡನ ಸೈಕಲ್ಲಿನ್ಯಾಗ ನಟ್ಟ ಸಿಕ್ವು. ಅವನ್ನ ಜೀನಿನ ಮಿಷಿನ್ನಿಗೆ ಬಿಗದಂಗ ಬಿಗದು ಕೊಟ್ರು. ಗಾಲಿ ತಿರಗಲಾರದ್ದಕ್ಕ ಆ ಮನಶ್ಯಾ ಅವತ್ತ ಸೈಕಲ್ ಹೆಗಲಮ್ಯಾಲ ಹೊತಗೊಂಡು ತ್ವಾಟಕ್ಕ ಹೋದ.

ವೈಸಿಗೆ ಒಂದ ಗಟ್ಟಿ ಮೇಜು ಬೇಕಂತ. ಮೇಜು ನಮಗ್ಯಾಕ, ನಾವೇನ ಮಾಮಲೇದಾರರ? ಅವರು ಪಡಸಾಲಿ ಕಂಬಕ್ಕ ಅದನ್ನ ಬಿಗದ್ರು. ಬಿಗದು ಕಾನಸು ಎಳದ್ರ ಕಂಬ ಅಳ್ಳಾಡತಿತ್ತು, ಕಂಬ ಅಳ್ಳಾಡಿದ್ರ ಮಾಳಗಿ ಮಣ್ಣು ಉದರತಿತ್ತು, ಉದರಿದ್ದು ಸೀದಾ ನನ್ನ ಹಿಟ್ಟಿನ ಪರಾತಕ್ಕ. ಮೂರ ದಿನ ತಡಕೊಂಡೆ. ನಾಕನೇ ದಿನ ಪರಾತ ಎತ್ತಿ ಅವರ ಮುಂದ ಕುಕ್ಕಿದೆ. ಅವರು ಅದನ್ನ ನೋಡಿ, ಮಾಳಗಿ ನೋಡಿ, ಕಂಬ ನಡಗಿದ್ದು ಮ್ಯಾಲಿನ ತೊಲಿಗೆ ಹೆಂಗ ಮುಟ್ಟತೈತಿ ಅಂತ ನನಗ ತಿಳಿಸಿ ಹೇಳಾಕ ಸುರು ಮಾಡಿದ್ರು. ನನ್ನ ಸಿಟ್ಟು ನೆತ್ತಿಗೇರಿತು.

ತಲಬಾಗಲದ ಕದದ ಕತಿ ಇನ್ನೂ ಬ್ಯಾರೆ. ಕಲ್ಲಿನ ಕುಣ್ಯಾಗ ಗೂಟದ ಮ್ಯಾಲ ತಿರಗೋ ಹಳೇ ಕದ, ಅಜ್ಜನ ಕಾಲದಿಂದ ಕಿರ್ ಅಂತಿತ್ತು. ಅದಕ್ಕ ಬಿಜಾಗರಿ ಹಾಕತೇನಂತ ಬಿಚ್ಚಿದ್ರು. ಮಣ್ಣ ಮೆತ್ತಿದ ಗ್ವಾಡ್ಯಾಗ ಬೈರಗಿ ತಿರವಿದ್ರು. ತೂತಿಗೆ ಒಂದ ಸ್ಕ್ರೂ ಹಾಕಿದ್ರ ಅದು ಕುಂಬಳಕಾಯಾಗ ಹೋದಂಗ ಹೋತು. ಕಡೀಕ ಕದ ಒಳಗ ಬಿತ್ತು, ಅದರ ಹಿಂದ ಮೊಳದಷ್ಟ ಗ್ವಾಡಿನೂ ಬಿತ್ತು. ಎಂಟ ದಿನ ಬಾಗಲಿಗೆ ಗೋಣಿ ತಟ್ಟ ಕಟ್ಟಕೊಂಡು ಕುಂತ್ವಿ. ಜೀನಿನ್ಯಾಗ ಹುಲಿ ಆಗಿದ್ದ ಮನಶ್ಯಾ ಮನ್ಯಾಗ ಯಾವ ಕೆಲಸಕ್ಕ ಕೈ ಹಾಕಿದ್ರೂ ಕೆಡತಿತ್ತು. ಅವರ ಮಾರಿ ದಿನಾ ಒಂದೀಟ ಸಣ್ಣದಾಗೂದನ್ನ ನೋಡಿ ನನಗ ಸಿಟ್ಟೂ ಬರತಿತ್ತು, ಕರಳೂ ಚುರ್ ಅಂತಿತ್ತು.

ಒಂದಿನ ನಸುಕಿನ್ಯಾಗ ನಾ ಬೀಸಾಕ ಕುಂತಿದ್ದೆ. ಊರಾಗ ಹಿಟ್ಟಿನ ಗಿರಣಿ ಬಂದಿತ್ತು, ಆದ್ರ ಗಿರಣಿ ಹಿಟ್ಟು ಸುಟ್ಟ ವಾಸನಿ ಬಡೀತೈತಂತ ಅತ್ತಿ ಅದನ್ನ ಉಣತಿದ್ದಿಲ್ಲ. ಬಲಗೈ ರಟ್ಟಿ ಹಿಡಕೊಂಡು ತಿಂಗಳಾಗಿತ್ತು, ಎಡಗೈಲೆ ಬೀಸಾಕತ್ತಿದ್ದೆ. ಎದ್ದು ಬಂದವರು ಕಂಬಕ್ಕ ಒರಗಿ ನೋಡಕೋತ ನಿಂತ್ರು. ಬೀಸೂದು ಮುಗದಕೂಡಲೇ ಹನ್ನೆರಡನೂರಾ ನಲವತ್ತ ಸುತ್ತು ಅಂದ್ರು. ಮೊದಲಿಂದ ಎಣಿಸ್ಯಾರ. ಏಳ ವರ್ಷ ನಾ ಆ ಕಲ್ಲ ತಿರವಿದ್ದೆ, ಎಷ್ಟ ಸುತ್ತಂತ ಯಾರೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ. ಯಾಕೋ ನನಗ ಕಣ್ಣಾಗ ನೀರ ಬಂತು.

ಅವರು ಕಲ್ಲಿನ ಮುಂದ ಕುಂತು ಪ್ರಶ್ನೆ ಸುರು ಹಚ್ಚಿದ್ರು. ಮ್ಯಾಲಿನ ಕಲ್ಲು ಎಷ್ಟ ಭಾರ, ನಡುವಿನ ಗೂಟ ಯಾಕ ಸವೀತೈತಿ, ಊರಾಗ ಎಷ್ಟ ಮನ್ಯಾಗ ಕಲ್ಲ ಅದಾವು. ಎಲ್ಲಾ ಮನ್ಯಾಗೂ ಅದಾವಂದೆ. ಅವರ ಕಣ್ಣ ಮಿಂಚಿದ್ವು. ಇದನ್ನ ಹಗರ ಮಾಡಿದ್ರ, ಒಂದ ಕೈಲೆ ತಿರಗೂವಂಗ ಮಾಡಿದ್ರ, ಇಂಡಿ ತುಂಬ ಕೆಲಸ, ಸಿಂದಗಿ ತನಕ ಕೆಲಸ, ಸೊಲ್ಲಾಪುರದ ಮಾತ ಬ್ಯಾಡ ಅಂದ್ರು. ಖರೇ ಹೇಳತೇನಿ, ನಾನೂ ಆಸೆ ಪಟ್ಟೆ. ಅತ್ತಿ ಅವತ್ತ ಅವರಿಗೆ ಚಾದಾಗ ಹಾಲ ಹೆಚ್ಚ ಹಾಕಿದ್ರು.

ಒಂಬತ್ತ ದಿನ ಅದರ ಮ್ಯಾಲ ಕುಂತ್ರು. ನಡುವಿನ ಗೂಟಾ ಕಿತ್ತು ಜೀನಿನ ಹಳೇ ಬೇರಿಂಗ ಕುಂದರಸಿದ್ರು. ಆಮ್ಯಾಲ ಕಲ್ಲಿನ ಮಾರಿ ನೋಡಿದ್ರು, ತುಂಬ ಏರು ತಗ್ಗು. ಫಿಟರ್ ಮಂದಿದು ಒಂದ ಪದ್ಧತಿ ಐತಂತ. ಎರಡ ಕಬ್ಬಣದ ಮಾರಿ ಸರಿಯಾಗಿ ಕೂಡಬೇಕಂದ್ರ ಒಂದಕ್ಕ ಬಣ್ಣ ಹಚ್ಚಿ ಇನ್ನೊಂದರ ಮ್ಯಾಲ ತಿರವೂದು, ಬಣ್ಣ ಎಲ್ಲಿ ಹತ್ತೈತಿ ಅಲ್ಲಿ ಉಬ್ಬೈತಿ ಅಂತ ತಿಳಿಯೂದು, ಆ ಉಬ್ಬ ತಿಕ್ಕಿ ತಗಿಯೂದು. ಅವರು ಕೆಮ್ಮಣ್ಣು ಎಣ್ಣ್ಯಾಗ ಕಲಸಿ ಕಲ್ಲಿಗೆ ಬಳದ್ರು. ತಿರವಿದ್ರು, ನೋಡಿದ್ರು, ಉಬ್ಬಿದ್ದಲ್ಲಿ ಉಸುಕು ನೀರು ಹಾಕಿ ತಿಕ್ಕಿದ್ರು. ಮತ್ತ ಬಳದ್ರು, ಮತ್ತ ತಿಕ್ಕಿದ್ರು. ಊಟಕ್ಕ ಕರದ್ರ ಒಂದ ಉಬ್ಬ ಉಳದೈತಿ ಅನ್ನವರು. ಆ ಒಂಬತ್ತೂ ದಿನ ನಾ ಜ್ವಾಳದ ಬುಟ್ಟಿ ಹೊತ್ತು ಸಿದ್ದಲಿಂಗವ್ವನ ಮನಿಗೆ ಹೋಗಿ ಬೀಸಕೊಂಡ ಬಂದೆ.

ನೀ ಯಾಕ ಹೇಳಲಿಲ್ಲ ಅಂತ ಕೇಳತೀರಿ, ನನಗ ಗೊತ್ತೈತಿ. ಬೀಸುಕಲ್ಲ ಸವದು ನುಣ್ಣಗಾದ್ರ ಕಲ್ಲ ಚುಚ್ಚೂ ಲಕ್ಕವ್ವನ್ನ ಕರದು ಚಾಣದಿಂದ ಚುಚ್ಚಿ ಮುಳ್ಳ ಹೊಡಸಬೇಕು ಅನ್ನೂದು ಹೆಣ್ಣಮಕ್ಕಳಿಗೆಲ್ಲಾ ಗೊತ್ತಿದ್ದ ಮಾತು. ಇಂಜಿನ್ ಬಿಚ್ಚಿ ಜೋಡಸೋ ಮನಶ್ಯಾಗ ಇದು ಗೊತ್ತಿರೂದಿಲ್ಲ ಅಂತ ನನಗ ಕನಸಾರ ಬೀಳತೈತೇನು? ಎಲ್ಲಾ ಮುಗಿಸಿ ಕಡೀಕ ಮುಳ್ಳ ಹೊಡೀತಾರಂತ ತಿಳಕೊಂಡು ಸುಮ್ಮನಿದ್ದೆ.

ಹತ್ತನೇ ದಿನ ಓಣಿ ಹೆಣ್ಣಮಕ್ಕಳನ್ನೆಲ್ಲಾ ಕರಸಿದ್ರು. ಹತ್ತ ಹನ್ನೆರಡ ಮಂದಿ ಬಂದು ಸುತ್ತಗಟ್ಟಿ ಕುಂತ್ರು. ನಮ್ಮವರು ಕಿರುಬೆರಳ ಒಂದ ಹಚ್ಚಿ ಕೈ ಹಿಡಿಯೂ ಗೂಟಾ ನೂಕಿದ್ರು. ಯಾ ಅಲ್ಲಾ, ಆ ಕಲ್ಲು ಸಪ್ಪಳಿಲ್ಲದಂಗ ತಿರಗಿದ್ದ ತಿರಗಿದ್ದು. ಕೈ ಬಿಟ್ರೂ ಹತ್ತ ಸುತ್ತ ತಾನ ಹೋತು. ಮುದುಕ್ಯಾರು ಬಗ್ಗಿ ಬಗ್ಗಿ ನೋಡಿದ್ರು, ಒಳಗ ಏನಿಟ್ಟೀರಿ ಅಂತ ಕೇಳಿದ್ರು. ಅವರ ಮಾರಿ ಅವತ್ತ ನೋಡಬೇಕಿತ್ತು, ಜೀನಿನ್ಯಾಗ ಇದ್ದಾಗಿನ ಕಳೆ ಬಂದಿತ್ತು. ಸಿದ್ದಲಿಂಗವ್ವ ಒಂದ ಹಿಡಿ ಜ್ವಾಳ ಹಾಕಿದ್ಲು. ನಾನ ಬೀಸಿದೆ.

ಜ್ವಾಳ ಹೆಂಗ ಹೋಗಿದ್ವು ಹಂಗ ಹೊರಗ ಬಂದ್ವು. ಒಂದ ಕಾಳಿಗೂ ಗಾಯಿಲ್ಲ. ಮ್ಯಾಲ ಕೆಮ್ಮಣ್ಣ ಹತ್ತಿ ಕೆಂಪಗಾಗಿದ್ವು, ಗ್ರೀಸಿನ ವಾಸನಿ ಬ್ಯಾರೆ. ಸಿದ್ದಲಿಂಗವ್ವ ನಾಕ ಕಾಳ ಅಂಗೈಯಾಗ ಹಿಡದು, ಅಯ್ಯ ನನ ಶಿವನ, ಜ್ವಾಳಕ್ಕ ಎಣ್ಣಿ ಹಚ್ಚಿ ಜಳಕಾ ಮಾಡಿಸಿ ಕಳಿಸೇತಲ್ಲ ಅಂದ್ಲು. ಹೆಣ್ಣಮಕ್ಕಳು ಬಿದ್ದ ಬಿದ್ದ ನಕ್ರು. ನನಗೂ ನಗಿ ತಡೀಲಿಲ್ಲ, ನಕ್ಕೆ. ನಮ್ಮವರ ಕಡೆ ನೋಡಿದ ಮ್ಯಾಲ ನಗಿ ಅಲ್ಲೇ ಸತ್ತಹೋತು. ಅವರು ಒಂದ ಕಾಳ ಎತ್ತಿ ಬೆಳಕಿಗೆ ಹಿಡದು ನೋಡಾಕತ್ತಿದ್ರು. ಯಾಕ ಬೀಸಲಿಲ್ಲ ಅಂತ ಸಣ್ಣ ದನಿಲೆ ಕೇಳಿದ್ರು. ಎಲ್ಲಾರೂ ನಗೂದರಾಗ ಇದ್ರು, ಯಾರೂ ಹೇಳಲಿಲ್ಲ.

ಅವತ್ತ ಅವರು ಉಣಲಿಲ್ಲ. ಮಿರಗಕ್ಕ ಇನ್ನೂ ಆರ ದಿನ ಇದ್ವು, ಆದ್ರೂ ನಾಳಿ ನಾಕರ ಬಸ್ಸಿಗೆ ಸ್ಟೇಶನ್ನಿಗೆ ಹೋಗತೇನಿ, ಸಂಜಿ ಗಾಡಿಗೆ ಸೊಲ್ಲಾಪುರ, ಬುತ್ತಿ ಕಟ್ಟು ಅಂದ್ರು. ಅತ್ತಿ ಜಪಮಾಲಿ ಹಿಡಕೊಂಡು ಮೂಲ್ಯಾಗ ಕುಂತ್ರು. ನನಗ ಊರ ಹೆಣ್ಣಮಕ್ಕಳ ಮ್ಯಾಲ ಸಿಟ್ಟು, ನಕ್ಕ ನನ್ನ ಮ್ಯಾಲ ಸಿಟ್ಟು, ಆ ಹಾಳ ಕಲ್ಲಿನ ಮ್ಯಾಲ ಎಲ್ಲಕ್ಕಿಂತ ಹೆಚ್ಚ ಸಿಟ್ಟು. ಬುತ್ತಿ ಕಟ್ಟಾಕ ಮನ್ಯಾಗ ಹಿಡಿ ಹಿಟ್ಟ ಇರಲಿಲ್ಲ. ಮತ್ತ ಬುಟ್ಟಿ ಹೊತ್ತು ಸಿದ್ದಲಿಂಗವ್ವನ ಮನಿ ಕಟ್ಟಿ ಏರಾಕ ಮನಸಾಗಲಿಲ್ಲ. ಮುಂಜಾನೆ ಎದ್ದಕೂಡಲೇ ಲಕ್ಕವ್ವಗ ಹೇಳಿ ಕಳಿಸಿದೆ.

ಲಕ್ಕವ್ವ ಸಾಲೋಟಗಿ ಕಡ್ಯಾಕಿ, ಊರೂರ ತಿರಗಿ ಕಲ್ಲಿಗೆ ಮುಳ್ಳ ಹೊಡ್ಯಾಕಿ. ಬಂದು ನಮ್ಮ ಕಲ್ಲಿನ ಮ್ಯಾಲ ಅಂಗೈ ಆಡಿಸಿ, ಇದೇನ ಕಲ್ಲೋ ಕನ್ನಡಿಯೋ ಅಂದ್ಲು. ಕುಂತು ಚುಚ್ಚಾಕ ಸುರು ಮಾಡಿದ್ಲು. ನಮ್ಮವರು ಜಳಕಾ ಮಾಡಿ, ಒಗದ ಅಂಗಿ ಹಾಕ್ಕೊಂಡು, ಟೊಪಗಿ ಇಟಗೊಂಡು, ಬ್ಯಾರೆ ಕಡೆ ಮಾರಿ ಮಾಡಿ ಕುಂತಿದ್ರು. ಟಕ್ ಟಕ್ ಸಪ್ಪಳ ಕೇಳಿ ಕೇಳಿ ಕಡೀಕ ಈ ಕಡೆ ತಿರಗಿದ್ರು. ಆಮ್ಯಾಲ ಎದ್ದು ಬಂದು ಆಕಿ ಮುಂದ ಕುಕ್ಕರಗಾಲಿಲೆ ಕುಂತ್ರು. ಯಾಕ ಚುಚ್ಚತಿ ಅಂತ ಕೇಳಿದ್ರು.

ಲಕ್ಕವ್ವ ತಲಿ ಎತ್ತಲಿಲ್ಲ. "ಕಾಳ ಹಿಡಕೊಳ್ಳಾಕ ಕಲ್ಲಿಗೆ ಏನರ ಬೇಕಲ್ರಿ ಅಣ್ಣಾರ. ನುಣ್ಣಗಿದ್ರ ಕಾಳ ಜಾರಿ ಹೋಗತೈತ್ರಿ," ಅಂದ್ಲು.

ಅವರು ಕಲ್ಲಿನ ಮ್ಯಾಲ ಬೆರಳ ಆಡಿಸಿದ್ರು. "ಹಂಗಾದ್ರ ನಾ ಒಂಬತ್ತ ದಿನ ಕುಂತು ಅದರ ಹಲ್ಲ ಕಿತ್ತೇನಿ," ಅಂದು ನಕ್ರು. ಜೀನ ಮುಚ್ಚಿದ ಮ್ಯಾಲ ಅವರು ನಕ್ಕಿದ್ದನ್ನ ನಾ ಅವತ್ತ ಮೊದಲ ಸಲ ನೋಡಿದೆ.

ಅಷ್ಟರಾಗ ಲಕ್ಕವ್ವನ ಚಾಣದ ಮೊನೆ ಮಡಚಿ ಹೋತು. ಕಂಬಾರನ ಕಡೆ ಹೋಗಿ ತಟ್ಟಿಸಿಕೊಂಡು ಬರತೇನಿ, ಸಂಜಿ ಆಗತೈತಿ ಅಂತ ಎದ್ಲು. ಮಿರಗ ಬಂತಂದ್ರ ಕಂಬಾರ ರೈತರ ನೇಗಲದ ಕುಡಾ ಬಿಟ್ಟು ಚಾಣ ಮುಟ್ಟೂದಿಲ್ಲ, ದಿನಕ್ಕ ಎರಡ ಸಲ ಅವನ ಬಾಗಲಾಗ ಕಾಯಬೇಕು, ಒಂದ ಕಲ್ಲ ಮುಗಿಯೂದರಾಗ ಮೊನೆ ಹೋಗತೈತಿ ಅಂತ ಗೊಣಗಿದ್ಲು. ನಮ್ಮವರು ಚಾಣ ಇಸಕೊಂಡು ಉಗರಿಲೆ ಕೆರದು ನೋಡಿದ್ರು, ಕಿವಿ ಹತ್ರ ಹಿಡದು ಬಡದು ಕೇಳಿದ್ರು. ಇದು ಮೆತ್ತನ ಕಬ್ಬಣ, ಕುಂದರು ಅಂದ್ರು. ಪೆಟ್ಟಿಗ್ಯಾಗಿಂದ ಗಟ್ಟಿ ಉಕ್ಕಿನ ಒಂದ ಸವದ ಕಾನಸು ತಗದು ನನ್ನ ಒಲ್ಯಾಗ ತುರಕಿದ್ರು.

ಬುತ್ತಿ ರೊಟ್ಟಿ ಮಾಡೋ ಒಲಿ ರೀ ಅದು. ನಾ ಬಾಯಿ ತೆರಿಯೂದರಾಗ ಅತ್ತಿ ಮೂಲಿಯಿಂದ ಎದ್ದು ಬಂದು ಊದಗೊಳವಿ ಹಿಡದು ಕುಂತ್ರು. ಏನ ಮಾಡತಿ ಅಂತನೂ ಕೇಳಲಿಲ್ಲ. ಕಾನಸು ಕೆಂಪಗಾತು. ಅದನ್ನ ಬಡದು ಹೊಸಾ ಚಾಣ ಮಾಡಿ, ಕಂಬದ ವೈಸಿನ್ಯಾಗ ಹಿಡದು ಮೊನೆ ತಿಕ್ಕಿ, ಮತ್ತ ಕಾಯಿಸಿ ನೀರಾಗ ಅದ್ದಿದ್ರು. ಆಮ್ಯಾಲ ಮೆಲ್ಲಕ ಕಾಯಿಸಿಕೋತ ಮೊನೆ ಬಣ್ಣ ನೋಡಿದ್ರು. ಒಣ ದಂಟಿನ ಬಣ್ಣ ಬಂದಾಗ ತಗದ್ರು. ಲಕ್ಕವ್ವ ಎರಡ ಏಟ ಹಾಕಿದ್ರ ಮೊನೆ ಚಿಟ್ ಅಂತ ಮುರೀತು. ನನ್ನ ಜೀವ ಅದರ ಕೂಡ ಮುರೀತು. ಅವರು ಮಾತ್ರ ಮುರದ ತುಣುಕು ಎತ್ತಿ ನೋಡಿ, ಭಾಳ ಗಟ್ಟಿ ಆತು ಅಂತ ತಮಗ ತಾವ ಹೇಳಕೊಂಡು ಮತ್ತ ಒಲಿ ಮುಂದ ಕುಂತ್ರು. ಈ ಸಲ ದಂಟಿನ ಬಣ್ಣ ದಾಟಲಿ ಅಂತ ಬಿಟ್ರು. ಬದನಿಕಾಯಿ ಬಣ್ಣ ಬಂದಕೂಡಲೇ ನೀರಿಗೆ ಹಾಕಿದ್ರು. ಒಗದ ಅಂಗಿ ಮಸಿ ಆಗಿತ್ತು, ಟೊಪಗಿ ಎಲ್ಲೋ ಬಿದ್ದಿತ್ತು.

ಲಕ್ಕವ್ವ ಮ್ಯಾಲಿನ ಕಲ್ಲ ಮುಗಿಸಿದ್ಲು, ಕೆಳಗಿನ ಕಲ್ಲ ಮುಗಿಸಿದ್ಲು. ಮೊನೆ ಹಂಗ ಇತ್ತು. ಆಕಿ ಚಾಣ ತಿರವಿ ತಿರವಿ ನೋಡಿದ್ಲು. ಇಂಥಾವು ಇನ್ನೂ ಮಾಡಿ ಕೊಡತೀರೇನು, ಸಾಲೋಟಗ್ಯಾಗ ಬಾವಿ ಕಡ್ಯಾಕತ್ತಾರ, ನಮ್ಮವರು ಇಪ್ಪತ್ತ ಮಂದಿ ಅದಾರ, ಎಲ್ಲಾರದೂ ಇದ ಗೋಳು ಅಂದ್ಲು. ನಾನೂ ಅತ್ತಿನೂ ಉಸರ ಹಿಡದು ಅವರ ಮಾರಿ ನೋಡಿದ್ವಿ. ಅವರು ನೋಡೂಣು ಅಂದು ಕೈ ತೊಳಿಯಾಕ ಹಿತ್ತಲಿಗೆ ಹೋದ್ರು. ಅಷ್ಟ ಅಂದ್ರು, ಹೆಚ್ಚ ಇಲ್ಲ ಕಡಿಮಿ ಇಲ್ಲ.

ಮೂರ ಹೊಡದು ಹೋಗಿತ್ತು. ನಾ ಜ್ವಾಳ ಹಾಕಿ ಬೀಸಾಕ ಕುಂತೆ. ಬೇರಿಂಗ ಹಂಗ ಇತ್ತಲ್ಲ, ಕಲ್ಲು ಹಗರ ತಿರಗತಿತ್ತು, ಹಿಟ್ಟೂ ಸಣ್ಣಗ ಬೀಳತಿತ್ತು. ಬಲಗೈಲೆ ಬೀಸಿದೆ, ರಟ್ಟಿ ನೋಯಲಿಲ್ಲ. ದಬದಬ ನಾಕ ರೊಟ್ಟಿ ಬಡದೆ. ಅತ್ತಿ ಬಾಗಲಾಗ ನಿಂತು, ಬಸ್ಸು ಚಾವಡಿ ಮುಂದ ಬಂದ ನಿಂತೈತಿ ಅಂದ್ರು. ಅವರು ಚೀಲ ಹೆಗಲಿಗೆ ಹಾಕ್ಕೊಂಡು ಬಂದು ಬುತ್ತಿಗೆ ಕೈ ಚಾಚಿದ್ರು.

ನಾ ತಾಟಿನ್ಯಾಗ ರೊಟ್ಟಿ ಹಾಕಿ, ಪಲ್ಯ ಹಚ್ಚಿ, ನೆಲದ ಮ್ಯಾಲ ಇಟ್ಟೆ.

"ಬುತ್ತಿ ಕಟ್ಟಿಲ್ರಿ. ಕುಂತ ಉಣ್ರಿ," ಅಂದೆ.

ಏಳ ವರ್ಷದಾಗ ಅವರ ಮಾತ ಮೀರಿದ್ದು ಅದ ಮೊದಲ. ಅವರು ನನ್ನ ನೋಡಿದ್ರು, ಅವ್ವನ್ನ ನೋಡಿದ್ರು. ಚೀಲ ಇಳಿಸಿ ಕುಂತ್ರು. ರೊಟ್ಟಿ ಮುರದು ಬಾಯಾಗ ಇಟಗೊಂಡ್ರು. ಕರಕ್ ಅಂತು. ಆವಾಗ ನನಗ ನೆನಪಾತು. ಹೊಸಾ ಮುಳ್ಳ ಹೊಡಸಿದ ಕಲ್ಲಿನ್ಯಾಗ ಮೊದಲ ಒಂದೀಟ ಹೊಟ್ಟ ಬೀಸಿ ಚೆಲ್ಲಬೇಕು, ಇಲ್ಲಂದ್ರ ಕಲ್ಲಿನ ಪುಡಿ ಹಿಟ್ಟಿನ್ಯಾಗ ಬರತೈತಿ. ಕೈಕಾಲ ಗಡಬಡಿಸಿ ಅದನ್ನ ಮರತಿದ್ದೆ. ಬಿಡ್ರಿ, ಕಲ್ಲ ಬಂದಾವು ಅಂತ ತಾಟಿಗೆ ಕೈ ಹಾಕಿದೆ. 

ಅವರು ನನ್ನ ಕೈ ಸರಿಸಿದ್ರು. ಆ ಕಲ್ಲಿನ ರೊಟ್ಟಿ ಕರಕರ ಅಗದು ಪೂರಾ ಉಂಡ್ರು. ಹೊರಗ ಬಸ್ಸ ಹಾರ್ನ್ ಹೊಡೀತು, ಹೊಂಟು ಹೋತು. ಅವರು ನೀರ ಕುಡದು, ಹಿಟ್ಟ ಛಲೋ ಬಿದ್ದೈತಿ, ಇನ್ನೊಂದ ಹಾಕು ಅಂದ್ರು.